ಮೀಟರಿನ ಅಂಕಿ, ಅಮ್ಮನ ಮುಖ

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ. ಇನ್ಸುಲಿನ್ ಶುರುವಾಗಿ ಆರು ತಿಂಗಳಾಯಿತು. ಮೊನ್ನೆ ನೆಂಟರ ಮನೆಯಲ್ಲಿ ಕದ್ದು ಒಬ್ಬಟ್ಟು ತಿಂದು, ತಿಂದೇ ಇಲ್ಲ ಎಂದ. ಶುಗರ್ 310 ಇತ್ತು. ಸಿಟ್ಟಿನಲ್ಲಿ ಹೊಡೆದುಬಿಟ್ಟೆ. ನಾಟಿ ಮದ್ದು ಕೊಡಿಸಿ ಸೂಜಿ ಬಿಡಿಸೋಣ ಅಂತ ಅತ್ತೆಯವರ ಒತ್ತಾಯ. ಭಯಕ್ಕೆ ಆಟಕ್ಕೂ ಕಳಿಸುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಹೊಡೆದದ್ದಕ್ಕೆ ನೀವೇ ಸಾಕಷ್ಟು ನೊಂದಿದ್ದೀರಿ, ನಾನೇನೂ ಸೇರಿಸುವುದಿಲ್ಲ. ಮೀಟರಿನಲ್ಲಿ ಅಂಕಿ ಮೂಡುವ ಆ ಐದಾರು ಸೆಕೆಂಡು ಅವನು ಮೀಟರನ್ನು ನೋಡುತ್ತಾನೋ, ನಿಮ್ಮ ಮುಖವನ್ನೋ, ಒಮ್ಮೆ ಗಮನಿಸಿ. ಸುಳ್ಳು ಹುಟ್ಟುವುದು ಅಲ್ಲಿ. 310 ಬಂದರೆ ‘ಏನು ತಿಂದೆ?’ ಎಂದು ಗದರಬೇಡಿ. ‘ಬಾ, ಎಷ್ಟು ಯೂನಿಟ್ ಬೇಕು ನೋಡೋಣ’ ಎನ್ನಿ. ಊಟದ ಜೊತೆ ಒಂದು ಒಬ್ಬಟ್ಟಿಗೆ ಎಷ್ಟು ಇನ್ಸುಲಿನ್ ಸೇರಿಸಬೇಕೆಂದು ನಿಮ್ಮ ಡಾಕ್ಟರನ್ನು ಕೇಳಿ ಕಲಿಯಿರಿ. ಸಿಕ್ಕುವ ತಿಂಡಿಯನ್ನು ಮಗು ಯಾಕೆ ಕದಿಯುತ್ತದೆ?

ಅತ್ತೆಯವರು ಕಂಡಿರುವುದು ದೊಡ್ಡವರ ಸಕ್ಕರೆ ಕಾಯಿಲೆ. ಇವನ ಮೈಯಲ್ಲಿ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳುಮಾಡಿದೆ. ಸಿಹಿ ತಿನ್ನಿಸಿ ಬಂದದ್ದಲ್ಲ. 1922ರಲ್ಲಿ ಟೊರಾಂಟೊದ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಒಂದು ಮಾತು ಅತ್ತೆಯವರಿಗೂ ಹೇಳಿ: ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಎಷ್ಟೋ ಮಕ್ಕಳಿಗೆ ಡೋಸ್ ತಾನಾಗಿ ಇಳಿಯುತ್ತದೆ. ನಾಟಿ ಮದ್ದಿಗೆ ಹೆಸರು ಬರುವುದು ಆಗಲೇ! ಆಮೇಲೆ ಮತ್ತೆ ಏರುತ್ತದೆ. ಸೂಜಿ ಬಿಡಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. ಜ್ವರ ಬಂದು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ, ಡಾಕ್ಟರಿಗೆ ಫೋನ್ ಮಾಡಿ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ನೇರ ಆಸ್ಪತ್ರೆಗೆ. ಇದೊಂದರಲ್ಲಿ ಯಾರ ದಾಕ್ಷಿಣ್ಯಕ್ಕೂ ಬೀಳಬೇಡಿ.

ಆಟಕ್ಕೆ ಕಳಿಸಿ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ ಸಕ್ಕರೆ ಕಾಯಿಲೆ ಗೊತ್ತಾದದ್ದು 1997ರಲ್ಲಿ. 2003ರ ವಿಶ್ವಕಪ್‌ನಲ್ಲೂ ಬೌಲಿಂಗ್ ಮಾಡಿದರು. ಮಗನ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ನಡುಕ, ಬೆವರು, ಸುಮ್ಮಸುಮ್ಮನೆ ಸಿಡುಕು ಕಂಡು ಶುಗರ್ 70ಕ್ಕಿಂತ ಇಳಿದಿದ್ದರೆ ಆ ಪುಡಿ ಮೂರು ಟೀ ಚಮಚದಷ್ಟನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಇದನ್ನು ಪಿ.ಟಿ. ಮೇಷ್ಟ್ರಿಗೂ, ಅವನ ಬೆಂಚಿನ ಗೆಳೆಯನಿಗೂ ನೀವೇ ಹೋಗಿ ಹೇಳಿಕೊಡಿ.

ಬರುವ ಹಬ್ಬಕ್ಕೆ ಒಬ್ಬಟ್ಟು ಬಡಿಸುವ ಮೊದಲು ಯೂನಿಟ್ಟಿನ ಲೆಕ್ಕ ಅವನೇ ಹಾಕಲಿ. ನೀವು ಸರಿನೋಡಿ, ಇನ್ಸುಲಿನ್ ಪೆನ್ ಕೈಗೆ ಕೊಡಿ.