ಹೊಸ ಪ್ರೊಸೆಸರ್ ಬೇಕೇ? ಮೊದಲು ಅಳೆದು ನೋಡಿ

ಮಕ್ಕಳೇ, ನಿಮ್ಮ ಶಾಲೆಯ ಕಂಪ್ಯೂಟರ್ ಬಹಳ ನಿಧಾನ ಎಂದುಕೊಳ್ಳಿ. ಗುಂಡಿ ಒತ್ತಿ, ತರಗತಿಯ ಹಾಜರಿ ಕರೆದು ಮುಗಿಸಿದರೂ ಅದು ಕೆಲಸಕ್ಕೆ ಸಿದ್ಧವಾಗುವುದಿಲ್ಲ. ಆಗ ಯಾರಾದರೂ, "ಇದು ಹಳೆಯದಾಯಿತು, ಹೊಸ ಪೀಳಿಗೆಯ ಪ್ರೊಸೆಸರ್ ಹಾಕಿಸಬೇಕು" ಎನ್ನಬಹುದು. ಅದು ಸರಿಯೇ? ಶಾಲೆಯ ಹಣ ಖರ್ಚು ಮಾಡಿದ ಮೇಲೂ ಕಂಪ್ಯೂಟರ್ ಮೊದಲಿನಂತೆಯೇ ತೆವಳಿದರೆ ಏನು ಮಾಡುವುದು? ಇಂಥ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬಾರದು. ಅಳೆದು ನೋಡಿ ಹೇಳಬೇಕು.

ಪ್ರೊಸೆಸರ್ ಎಂದರೇನು?

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ, ಆಜ್ಞೆಗಳನ್ನು ಪಾಲಿಸುವ ಭಾಗವೇ ಪ್ರೊಸೆಸರ್. ಸಿಲಿಕಾನ್ ಚೂರಿನ ಮೇಲೆ ಟ್ರಾನ್ಸಿಸ್ಟರ್ ಎಂಬ ಅತಿ ಸೂಕ್ಷ್ಮ ಸ್ವಿಚ್‌ಗಳನ್ನು ರೂಪಿಸಿ ಇದನ್ನು ತಯಾರಿಸುತ್ತಾರೆ. 1971ರಲ್ಲಿ ಬಂದ ಇಂಟೆಲ್ 4004 ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನವುಗಳಲ್ಲಿ ನೂರಾರು ಕೋಟಿ ಇವೆ!

ಪ್ರೊಸೆಸರ್ ಒಂದು ಮಿಡಿತಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಸೆಕೆಂಡಿಗೆ 100 ಕೋಟಿ ಮಿಡಿತವಾದರೆ ಅದು 1 ಗಿಗಾಹರ್ಟ್ಸ್. 2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು. ಮಿಡಿತವನ್ನು ಇನ್ನೂ ಹೆಚ್ಚಿಸುತ್ತ ಹೋದರೆ ಬಿಸಿ ವಿಪರೀತವಾಗುತ್ತಿತ್ತು. ಆದ್ದರಿಂದ ತಯಾರಕರು ಬೇರೆ ದಾರಿ ಹಿಡಿದರು. ಒಂದೇ ಪ್ರೊಸೆಸರಿನೊಳಗೆ ಎರಡು, ನಾಲ್ಕು, ಆರು 'ಕೋರ್'ಗಳನ್ನು ಇಟ್ಟರು. ಕೋರ್ ಎಂದರೆ ಒಬ್ಬ ಕೆಲಸಗಾರನಿದ್ದಂತೆ.

ಮೂರು ಪೀಳಿಗೆಗಳ ಹೋಲಿಕೆ

ಎಎಂಡಿ ಕಂಪನಿಯ ಮೂರು ಪ್ರೊಸೆಸರುಗಳನ್ನು ನೋಡೋಣ.

ರೈಜನ್ 5 1600: 2017, 6 ಕೋರ್, 3.2 ಗಿಗಾಹರ್ಟ್ಸ್, 65 ವಾಟ್
ರೈಜನ್ 5 5600ಎಕ್ಸ್: 2020, 6 ಕೋರ್, 3.7 ಗಿಗಾಹರ್ಟ್ಸ್, 65 ವಾಟ್
ರೈಜನ್ 5 7600ಎಕ್ಸ್: 2022, 6 ಕೋರ್, 4.7 ಗಿಗಾಹರ್ಟ್ಸ್, 105 ವಾಟ್

ಇಲ್ಲಿ ಕೊಟ್ಟಿರುವುದು ಮೂಲ ಮಿಡಿತ. ಅಗತ್ಯ ಬಿದ್ದಾಗ ಇವು ಸ್ವಲ್ಪ ಹೊತ್ತು ಇನ್ನೂ ಜೋರಾಗಿ ಓಡಬಲ್ಲವು.

ಮೊದಲನೆಯದಕ್ಕೂ ಎರಡನೆಯದಕ್ಕೂ ಮಿಡಿತದಲ್ಲಿ ಅಂತರ ಶೇಕಡಾ 16ರಷ್ಟು ಮಾತ್ರ. ಆದರೂ ಕೆಲಸದಲ್ಲಿ ಅಂತರ ಅದಕ್ಕಿಂತ ಹೆಚ್ಚು. ಏಕೆ? ನಡಿಗೆಯನ್ನು ನೆನಪಿಸಿಕೊಳ್ಳಿ. ಇಬ್ಬರು ನಿಮಿಷಕ್ಕೆ ಅಷ್ಟೇ ಹೆಜ್ಜೆ ಹಾಕಿದರೂ ದೊಡ್ಡ ಹೆಜ್ಜೆಯವರು ಮುಂದೆ ಹೋಗುತ್ತಾರೆ. ಹಾಗೆಯೇ ಹೊಸ ಪೀಳಿಗೆಯ ಪ್ರೊಸೆಸರ್ ಒಂದೊಂದು ಮಿಡಿತದಲ್ಲೂ ಹೆಚ್ಚು ಕೆಲಸ ಮುಗಿಸುತ್ತದೆ. ಬರೀ ಗಿಗಾಹರ್ಟ್ಸ್ ನೋಡಿ ಕೊಳ್ಳಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಸಂಗತಿ ಇದೆ. ಮೊದಲ ಎರಡು ಪ್ರೊಸೆಸರುಗಳು ಕೂರುವ ಜಾಗ ಎಎಂ4 ಎಂಬ ಸಾಕೆಟ್. ಅದರಲ್ಲಿ 1,331 ರಂಧ್ರಗಳಿವೆ. ಮೂರನೆಯದಕ್ಕೆ ಬೇಕಾದ ಎಎಂ5 ಸಾಕೆಟ್‌ನಲ್ಲಿ 1,718 ಸಂಪರ್ಕ ಬಿಂದುಗಳಿವೆ. ಒಂದರದು ಇನ್ನೊಂದರಲ್ಲಿ ಕೂರುವುದಿಲ್ಲ. 1600 ಇರುವ ಅನೇಕ ಕಂಪ್ಯೂಟರುಗಳಲ್ಲಿ, ಮದರ್‌ಬೋರ್ಡಿನ ತಂತ್ರಾಂಶವನ್ನು ನವೀಕರಿಸಿ 5600ಎಕ್ಸ್ ಹಾಕಬಹುದು. 7600ಎಕ್ಸ್ ಬೇಕೆಂದರೆ ಮದರ್‌ಬೋರ್ಡ್ ಹೊಸದಾಗಬೇಕು, ಡಿಡಿಆರ್5 ಬಗೆಯ ಮೆಮೊರಿಯೂ ಬೇಕು. ಅಂದರೆ ಪ್ರೊಸೆಸರಿನ ಬೆಲೆ ಒಂದನ್ನೇ ಲೆಕ್ಕ ಹಾಕಿದರೆ ಸಾಲದು.

ರೊಟ್ಟಿಯ ಲೆಕ್ಕ

ಜೋಳದ ರೊಟ್ಟಿ ಮಾಡುವುದನ್ನು ನೋಡಿದ್ದೀರಲ್ಲವೇ? ಒಂದು ರೊಟ್ಟಿ ತಟ್ಟಲು 1 ನಿಮಿಷ, ಹಂಚಿನ ಮೇಲೆ ಬೇಯಲು 2 ನಿಮಿಷ ಎಂದುಕೊಳ್ಳೋಣ. ಮನೆಯಲ್ಲಿರುವುದು ಒಂದೇ ಹಂಚು. ರೊಟ್ಟಿ ತಟ್ಟಲು ಇನ್ನೊಬ್ಬರು ಬಂದು ಕುಳಿತರೆ ಊಟ ಬೇಗ ಸಿದ್ಧವಾಗುತ್ತದೆಯೇ? ಇಲ್ಲ. ತಟ್ಟಿದ ರೊಟ್ಟಿಗಳು ಹಂಚಿಗಾಗಿ ಕಾಯುತ್ತವೆ. ಇನ್ನೊಂದು ಹಂಚು ಇಟ್ಟರೆ ಮಾತ್ರ ಕೆಲಸ ಬೇಗ ಸಾಗುತ್ತದೆ.

ಕಂಪ್ಯೂಟರಿನ ಕಥೆಯೂ ಹೀಗೆಯೇ. ಅದು ಸಿದ್ಧವಾಗಲು 100 ಸೆಕೆಂಡು ಬೇಕು, ಅದರಲ್ಲಿ ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಓದಲು 80 ಸೆಕೆಂಡು, ಪ್ರೊಸೆಸರಿನ ಕೆಲಸಕ್ಕೆ 20 ಸೆಕೆಂಡು ಹಿಡಿಯುತ್ತದೆ ಎಂದು ಭಾವಿಸಿ.

ಎರಡರಷ್ಟು ವೇಗದ ಪ್ರೊಸೆಸರ್ ಹಾಕಿದರೆ: 80 + 10 = 90 ಸೆಕೆಂಡು.
ನಾಲ್ಕರಷ್ಟು ವೇಗದ ಡಿಸ್ಕ್ ಹಾಕಿದರೆ: 20 + 20 = 40 ಸೆಕೆಂಡು.

ಪ್ರೊಸೆಸರಿನ ಸಮಯವನ್ನು ಸೊನ್ನೆಗೆ ಇಳಿಸಿದರೂ 80 ಸೆಕೆಂಡಿಗಿಂತ ಕಡಿಮೆಯಾಗದು! ಒಂದು ಭಾಗವನ್ನು ಮಾತ್ರ ಚುರುಕು ಮಾಡಿದರೆ ಒಟ್ಟು ಲಾಭಕ್ಕೆ ಮಿತಿ ಇರುತ್ತದೆ. 1967ರಲ್ಲಿ ಜೀನ್ ಅಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಈ ವಿಚಾರವನ್ನು ಮಂಡಿಸಿದರು. ಅದನ್ನು ಅಮ್ಡಾಲ್ ನಿಯಮ ಎನ್ನುತ್ತಾರೆ.

ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆಗಳು ತಿರುಗಬೇಕು, ಓದುವ ತೋಳು ಸರಿಯಾದ ಜಾಗಕ್ಕೆ ಸರಿಯಬೇಕು. ಎಸ್‌ಎಸ್‌ಡಿ ಎಂಬ ಸಾಧನದಲ್ಲಿ ಚಲಿಸುವ ಭಾಗಗಳೇ ಇಲ್ಲ. ಆದ್ದರಿಂದ ಅದು ಬಹಳ ಬೇಗ ಮಾಹಿತಿ ಒದಗಿಸುತ್ತದೆ.

ಮಾಡಿ ನೋಡಿ

ಬೇಕಾದವು: 60 ಹುಣಿಸೆ ಬೀಜ, ಒಂದು ಬಟ್ಟಲು, ಸೆಕೆಂಡು ಮುಳ್ಳಿರುವ ಗಡಿಯಾರ.

1. ಬಟ್ಟಲನ್ನು ಅಂಗಳದ ಆಚೆ ತುದಿಯಲ್ಲಿಡಿ. ಒಬ್ಬರು ಒಂದು ಸಲಕ್ಕೆ 10 ಬೀಜ ತರಲಿ. ಇನ್ನೊಬ್ಬರು ಅವನ್ನು ಐದೈದರ ಗುಂಪು ಮಾಡಲಿ. ಗುಂಪು ಮಾಡಿ ಮುಗಿದ ಮೇಲೆಯೇ ಮುಂದಿನ 10 ತರಬೇಕು. ಒಟ್ಟು ಸಮಯ ಬರೆದುಕೊಳ್ಳಿ.
2. ಈಗ ಗುಂಪು ಮಾಡಲು ಇಬ್ಬರು ಕೂರಲಿ. ಸಮಯ ಅಳೆಯಿರಿ.
3. ಮತ್ತೆ ಒಬ್ಬರೇ ಗುಂಪು ಮಾಡಲಿ. ಬಟ್ಟಲನ್ನು ಹತ್ತಿರ ಇಡಿ. ಸಮಯ ಅಳೆಯಿರಿ.

ಯಾವ ಬದಲಾವಣೆಯಿಂದ ಹೆಚ್ಚು ಸಮಯ ಉಳಿಯಿತು? ಇಲ್ಲಿ ಬೀಜ ತರುವವರು ಡಿಸ್ಕ್, ಗುಂಪು ಮಾಡುವವರು ಪ್ರೊಸೆಸರ್.

ಕಂಪ್ಯೂಟರಿನಲ್ಲೂ ಹೀಗೆ ಅಳೆಯಬಹುದು. ವಿಂಡೋಸ್ ಇದ್ದರೆ, ಶಿಕ್ಷಕರ ನೆರವಿನಿಂದ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟು ದುಡಿಯುತ್ತಿವೆ ಎಂಬುದು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ನಿಧಾನವಾದ ಹೊತ್ತಿನಲ್ಲಿ ಡಿಸ್ಕ್ 100ರ ಹತ್ತಿರ, ಪ್ರೊಸೆಸರ್ 15ರಲ್ಲಿ ಇದ್ದರೆ ಹೊಸ ಪ್ರೊಸೆಸರಿನಿಂದ ಹೆಚ್ಚು ಪ್ರಯೋಜನವಿಲ್ಲ.

ಹಾಗಾದರೆ ಬದಲಿಸುವುದು ಯಾವಾಗ?

ವಿಡಿಯೊ ಸಂಕಲನದಂಥ ಕೆಲಸದಲ್ಲಿ ಪ್ರೊಸೆಸರೇ ಸದಾ 100ರ ಹತ್ತಿರ ದುಡಿಯುತ್ತಿದ್ದರೆ ಹೊಸ ಪೀಳಿಗೆಯದು ನಿಜವಾಗಿಯೂ ಸಮಯ ಉಳಿಸುತ್ತದೆ.

ಸುರಕ್ಷತೆಯೂ ಒಂದು ಕಾರಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಭದ್ರತೆಯ ತಿದ್ದುಪಡಿ ಸಿಗದ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಜೋಡಿಸುವುದು ಅಪಾಯ. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿ ನಾವು ನೋಡಿದ 1600 ಇಲ್ಲ, 5600ಎಕ್ಸ್ ಇದೆ. ಹಾಗೆಂದು ಹಳೆಯದನ್ನು ಎಸೆಯಲೇಬೇಕೆಂದಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಹಳೆಯ ಪ್ರೊಸೆಸರುಗಳ ಮೇಲೂ ನಡೆಯುತ್ತದೆ, ಅದಕ್ಕೆ ಭದ್ರತೆಯ ತಿದ್ದುಪಡಿಗಳೂ ಬರುತ್ತವೆ.

ಇನ್ನೂ ಕೆಲಸ ಮಾಡುವ ಕಂಪ್ಯೂಟರನ್ನು ಮೂಲೆಗೆ ಎಸೆದರೆ ಅದು ಇ-ತ್ಯಾಜ್ಯವಾಗುತ್ತದೆ. ಹಾಗೆಯೇ ನಿಜವಾಗಿ ಅಗತ್ಯವಿದ್ದಾಗ ಬದಲಿಸದಿದ್ದರೆ ನಿಮ್ಮ ಕಲಿಕೆಯ ಸಮಯ ಹಾಳಾಗುತ್ತದೆ. ಎರಡೂ ನಷ್ಟವೇ. ಆದ್ದರಿಂದ ಈ ಕ್ರಮ ನೆನಪಿಡಿ: ಯಾವ ಕೆಲಸ ನಿಧಾನ ಎಂದು ಗುರುತಿಸಿ, ಯಾವ ಭಾಗ ತಡೆಯುತ್ತಿದೆ ಎಂದು ಅಳೆಯಿರಿ, ಅದಕ್ಕೆ ಜೊತೆಯಾಗಿ ಏನೇನು ಕೊಳ್ಳಬೇಕು ಎಂದು ಪಟ್ಟಿ ಮಾಡಿ, ಆಮೇಲೆ ನಿರ್ಧರಿಸಿ.

ಯೋಚಿಸಿ, ಉತ್ತರಿಸಿ

1. ಒಂದು ಕೆಲಸಕ್ಕೆ ಒಟ್ಟು 60 ಸೆಕೆಂಡು ಬೇಕು. ಅದರಲ್ಲಿ ಪ್ರೊಸೆಸರಿನ ಪಾಲು 48 ಸೆಕೆಂಡು. ಪ್ರೊಸೆಸರ್ ವೇಗ ಎರಡರಷ್ಟಾದರೆ ಒಟ್ಟು ಎಷ್ಟು ಸೆಕೆಂಡು? ಇಲ್ಲಿ ಬದಲಿಸುವುದು ಲಾಭವೇ?
2. ನಿಮ್ಮ ಶಾಲೆಯ ಬಿಸಿಯೂಟ ಬಡಿಸುವಾಗ ಹೆಚ್ಚು ಸಮಯ ಹಿಡಿಯುವ ಹಂತ ಯಾವುದು? ಅಳೆದು ಬರೆಯಿರಿ.