ಕುಂಜಿಬೆಟ್ಟಿಗೆ ಹೋಗಿಬರುವ ಖರ್ಚು

ಹಳೆ ಕಾಲೇಜಿಗೆ ಹೋಗಿಬಂದ ಖರ್ಚನ್ನು ಯಾವ ಬಾಬ್ತಿಗೆ ಹಾಕಬೇಕು? ಪ್ರವಾಸಕ್ಕೋ, ಮನರಂಜನೆಗೋ, ಊರಿನ ಮದುವೆ-ಮುಂಜಿಯ ಲೆಕ್ಕಕ್ಕೋ? ಮಸ್ಕತ್‌ನ ದಾರ್ಸೈಟ್‌ನಲ್ಲಿರುವ ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಬಾಬ್ತಿದೆ. ಹೆಸರು ‘ಕುಂಜಿಬೆಟ್ಟು’. ಸಂಬಳ ಬಂದ ದಿನ ಮನೆ ಬಾಡಿಗೆ, ಕರೆಂಟು, ಊರಿಗೆ ಕಳಿಸುವ ಹಣ ಇವುಗಳ ಜೊತೆಗೇ ಹತ್ತು ರಿಯಾಲ್ ಅತ್ತ ಹೋಗುತ್ತದೆ. ವರ್ಷಕ್ಕೆ 120 ರಿಯಾಲ್. ಶಾಲೆಗಳಿಗೆ ರಜೆ ಇಲ್ಲದ ತಿಂಗಳು ನೋಡಿ, ಮೊದಲೇ ಕಾಯ್ದಿರಿಸಿದರೆ ಮಸ್ಕತ್‌ನಿಂದ ಮಂಗಳೂರಿಗೆ ಹೋಗಿಬರುವ ಟಿಕೆಟ್ಟು ಅದರೊಳಗೆ ಮುಗಿಯುತ್ತದೆ. ಜೂನ್-ಜುಲೈಯಲ್ಲಿ ಹೊರಟರೆ ಅದೇ ಸೀಟಿಗೆ ದುಪ್ಪಟ್ಟು ತೆರಬೇಕು.

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಕುಂಜಿಬೆಟ್ಟು ಸಿಗುತ್ತದೆ. ಅಲ್ಲಿರುವ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು, ಊರವರ ಬಾಯಲ್ಲಿ ಎಂಜಿಎಂ, ನಾನು ಬಿ.ಕಾಂ. ಓದಿದ ಕಾಲೇಜು. ಡಾ. ಟಿ.ಎಂ.ಎ. ಪೈಯವರು 1949ರಲ್ಲಿ ಕಟ್ಟಿದ್ದು. ನಮ್ಮ ಬ್ಯಾಚಿನವರು ಒಂದು ಶನಿವಾರ-ಭಾನುವಾರ ಅಲ್ಲಿ ಸೇರೋಣ ಎಂದಾಗ ನಾನು ರಜೆಗೆ ಬರೆಯಬೇಕಾದದ್ದು ಭಾನುವಾರ ಒಂದಕ್ಕೆ. ಒಮಾನ್‌ನಲ್ಲಿ 2013ರ ಮೇ ತಿಂಗಳಿಂದ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಕಚೇರಿ ಮುಗಿಸಿ ಹೊರಟು, ಭಾನುವಾರ ರಾತ್ರಿಯೊಳಗೆ ವಾಪಸ್. ನೇರ ವಿಮಾನ ಸಿಕ್ಕಿದರೆ ಹಾರಾಟ ಸುಮಾರು ಮೂರು ಗಂಟೆ. ಇಷ್ಟು ಹತ್ತಿರದ ಊರಿಗೆ ‘ದುಬಾರಿ’ ಎಂಬ ಕಾರಣ ಹೇಳಿ ಹೋಗದೆ ಉಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದುಬಾರಿಯಾಗುವುದು ಕೊನೆಯ ವಾರದಲ್ಲಿ ಮನಸ್ಸು ಮಾಡುವವರಿಗೆ. ವರ್ಷವಿಡೀ ಹತ್ತು ಹತ್ತು ರಿಯಾಲ್ ತೆಗೆದಿಟ್ಟವನಿಗೆ ಅದು ಆಗಲೇ ಸಂದಾಯವಾದ ಖರ್ಚು.

ಈ ರೂಢಿ ನನಗೆ ಬಂದದ್ದು ಆ ಊರಿನಿಂದಲೇ. ಅಪ್ಪ ಕಲ್ಸಂಕದ ಹತ್ತಿರ ಸಣ್ಣ ಜಿನಸಿನ ಅಂಗಡಿ ಇಟ್ಟಿದ್ದರು. ಸಂಜೆಯ ಹೊತ್ತಿಗೆ ಬ್ಯಾಂಕಿನ ಪಿಗ್ಮಿಯವರು ಬರುತ್ತಿದ್ದರು. ಹೆಗಲಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ರಸೀದಿ ಪುಸ್ತಕ, ಅದರ ಎರಡು ಹಾಳೆಗಳ ನಡುವೆ ಮಾಸಿದ ನೀಲಿ ಕಾರ್ಬನ್. ಗಿರಾಕಿಗಳು ನಿಂತಿದ್ದರೂ ಅಪ್ಪ ಮೊದಲು ಗಲ್ಲಾಪೆಟ್ಟಿಗೆಯಿಂದ ಐದು ರೂಪಾಯಿ ತೆಗೆದು ಅವರ ಕೈಗಿಡುತ್ತಿದ್ದರು. ಆಟಿ ತಿಂಗಳ ಜಡಿಮಳೆಗೆ ವ್ಯಾಪಾರ ಬಿದ್ದ ದಿನ ಐದರ ಜಾಗದಲ್ಲಿ ಎರಡು ರೂಪಾಯಿ ಕೊಟ್ಟದ್ದುಂಟು. ‘ನಾಳೆ ಬನ್ನಿ’ ಎಂದದ್ದನ್ನು ನಾನು ಕೇಳಿಲ್ಲ. ಕಾಲೇಜು ಶುರುವಾಗುವ ಹೊತ್ತಿಗೆ ಆ ಪಿಗ್ಮಿ ಮುರಿದು ನನ್ನ ಫೀಸು, ಪುಸ್ತಕ, ಬಸ್ಸಿನ ಪಾಸು. ಮರುದಿನ ಹೊಸ ಖಾತೆ.

ಉಡುಪಿಯವರಿಗೆ ಪಿಗ್ಮಿಯ ಚರಿತ್ರೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುಮಾಡಿದಾಗ ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ, ಅವರಿಗೆ ನೆರವಾಗುವುದು ಉದ್ದೇಶ. ಮೂರು ವರ್ಷದ ನಂತರ, 1928ರಲ್ಲಿ, ಅದೇ ಬ್ಯಾಂಕು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡು ಆಣೆಯಿಂದ ಠೇವಣಿ ಸಂಗ್ರಹಿಸತೊಡಗಿತು. ಅದೇ ಪಿಗ್ಮಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಹತ್ತಿರಕ್ಕೆ ಬ್ಯಾಂಕೇ ನಡೆದುಕೊಂಡು ಹೋದದ್ದು. ಕಾಲೇಜು ಕಟ್ಟಿದವರ ಹೆಸರು ಪಿಗ್ಮಿ ತಂದವರಲ್ಲೂ ಇರುವುದು ಕರಾವಳಿಯಲ್ಲಿ ಆಕಸ್ಮಿಕವಲ್ಲ. ಇಲ್ಲಿ ವಿದ್ಯೆ ಮತ್ತು ಉಳಿತಾಯ ಒಂದೇ ಮನೆಯ ಮಕ್ಕಳಂತೆ ಬೆಳೆದವು.

ಬಡ್ಡಿಯ ಲೆಕ್ಕ ಹಾಕಿದರೆ ಪಿಗ್ಮಿ ದೊಡ್ಡ ಹೂಡಿಕೆಯಲ್ಲ. ಮನೆಮನೆಗೆ ಬರುವವರ ಕಮಿಷನ್ ಕಳೆದು ಉಳಿಯುವ ಬಡ್ಡಿ ಕಮ್ಮಿಯೇ. ಅದರ ಬೆಲೆ ಇದ್ದದ್ದು ದಿನವೂ ಬರುವ ಮನುಷ್ಯನಲ್ಲಿ. ಇವತ್ತು ಆ ಕೆಲಸವನ್ನು ಬ್ಯಾಂಕಿಗೆ ಕೊಟ್ಟ ಸ್ಥಾಯಿ ಸೂಚನೆ ಮಾಡುತ್ತದೆ. ಸಂಬಳ ಬಿದ್ದ ಮರುಗಳಿಗೆಯೇ ಹಣ ಬೇರೆ ಖಾತೆಗೆ ಹೋಗಲಿ. ಕೈಯಲ್ಲಿ ಉಳಿದದ್ದನ್ನು ಕೂಡಿಡುತ್ತೇನೆ ಎನ್ನುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಸ್ಕತ್‌ನ ರೂವಿಯ ಎಕ್ಸ್‌ಚೇಂಜ್ ಅಂಗಡಿಗಳ ಸಾಲಿನಲ್ಲಿ ನಿಂತಾಗ ‘ಏನೂ ಉಳಿಯಲಿಲ್ಲ’ ಎಂಬ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ, ಹೆಚ್ಚಾಗಿ ಕೆಲಸ ಬಿಟ್ಟು ಊರಿಗೆ ಹೊರಟವರ ಬಾಯಲ್ಲಿ.

ಬ್ಯಾಚಿನವರು ಸೇರಿದ ಆ ಶನಿವಾರ ಬೆಳಿಗ್ಗೆ ಉಡುಪಿಯ ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸು, ಗೋಳಿಬಜೆ ತಿಂದು ಕಾಲೇಜಿಗೆ ಹೋದೆವು. ರವೀಂದ್ರ ಮಂಟಪದ ಎದುರು ನಿಂತು ಒಬ್ಬೊಬ್ಬರನ್ನೇ ಗುರುತು ಹಿಡಿಯುವುದರಲ್ಲಿ ಅರ್ಧ ಗಂಟೆ ಹೋಯಿತು. ನಮ್ಮ ಕಾಲದಲ್ಲಿ ಬಿ.ಕಾಂ. ಮುಗಿಸಿದವರ ಮುಂದಿದ್ದ ದೊಡ್ಡ ದಾರಿ ಬ್ಯಾಂಕ್ ನೇಮಕಾತಿಯ ಬಿಎಸ್‌ಆರ್‌ಬಿ ಪರೀಕ್ಷೆ. ನಮ್ಮವರಲ್ಲಿ ಕೆಲವರು ಸಿಂಡಿಕೇಟಿಗೆ, ಕೆಲವರು ಕಾರ್ಪೊರೇಶನ್ನಿಗೆ, ಕೆಲವರು ವಿಜಯಾ ಬ್ಯಾಂಕಿಗೆ ಸೇರಿದರು. ‘ಎಲ್ಲಿದ್ದೀ?’ ಎಂದರೆ ಈಗ ಅವರು ಹೇಳುವ ಹೆಸರುಗಳು ಬೇರೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಕಾರ್ಪೊರೇಶನ್ ಬ್ಯಾಂಕಿನ ಹೆಸರು ಬೋರ್ಡಿನಿಂದ ಹೋಗಿದೆ. ಬ್ಯಾಂಕುಗಳ ತವರು ಎನಿಸಿಕೊಂಡ ಜಿಲ್ಲೆಗೆ ಇದು ಸಣ್ಣ ನಷ್ಟವಲ್ಲ. ಲಾಭ-ನಷ್ಟದ ಯಾವ ತಖ್ತೆಯಲ್ಲೂ ಅದು ಕಾಣುವುದಿಲ್ಲ, ಅಷ್ಟೆ.

ಮಾತಿನ ನಡುವೆ ಹಣದ ವಿಷಯ ಬಂದಾಗ ಒಂದು ವ್ಯತ್ಯಾಸ ನನ್ನ ಗಮನಕ್ಕೆ ಬಂತು. ಆ ಬ್ಯಾಂಕುಗಳ ಗೆಳೆಯರು 2010ರ ಏಪ್ರಿಲ್‌ಗೆ ಮೊದಲು ಸೇರಿದವರು. ಅವರಲ್ಲಿ ಹೆಚ್ಚಿನವರಿಗೆ ಹಳೆಯ ಪಿಂಚಣಿ ಇದೆ. ಕೊಲ್ಲಿಯಿಂದ ಬಂದ ನಮಗೆ ಇರುವುದು ಸೇವೆಯ ಕೊನೆಗೆ ಸಿಗುವ ಗ್ರಾಚ್ಯುಟಿ. ಒಮಾನ್‌ನ 2023ರ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ. ಅದು ಒಮ್ಮೆ ಕೈಗೆ ಬರುವ ಗಂಟು, ಸಾಯುವ ತನಕ ಬರುವ ಪಿಂಚಣಿಯಲ್ಲ. ಆದರೂ ಕ್ಯಾಂಪಸ್ಸಿನ ಮರದ ಕೆಳಗೆ ನಿಂತಾಗ ಎಲ್ಲರಿಗಿಂತ ಅನುಕೂಲಸ್ಥರು ನಾವೇ ಎಂದು ಎಲ್ಲರಿಗೂ ಅನಿಸುತ್ತದೆ, ನಮಗೂ ಅನಿಸುತ್ತದೆ. ಅದಕ್ಕೆ ಕಾರಣ ವಿನಿಮಯ ದರ.

ಒಮಾನಿ ರಿಯಾಲನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಿದ್ದಾರೆ, 1986ರಿಂದ ಒಂದು ರಿಯಾಲಿಗೆ ಸುಮಾರು 2.60 ಡಾಲರ್. ನಾನು 1998ರಲ್ಲಿ ಮಸ್ಕತ್‌ಗೆ ಬಂದಾಗ ರಿಯಾಲಿಗೆ 110 ರೂಪಾಯಿಯ ಆಸುಪಾಸು ಇತ್ತು. ಈಗ 220ರ ಆಚೆ. ರಿಯಾಲು ಇದ್ದಲ್ಲೇ ಇದೆ, ಇಳಿದದ್ದು ರೂಪಾಯಿ. ಈ ಇಪ್ಪತ್ತೇಳು-ಇಪ್ಪತ್ತೆಂಟು ವರ್ಷದಲ್ಲಿ ಊರಿನ ಬೆಲೆಗಳು ದುಪ್ಪಟ್ಟಿಗಿಂತ ಎಷ್ಟೋ ಹೆಚ್ಚು ಏರಿವೆ. ಅಂದರೆ ದರದ ಹಲಗೆಯಲ್ಲಿ ಕಾಣುವ ಲಾಭವನ್ನು ಊರಿನ ಅಂಗಡಿಗಳು ಆಗಲೇ ವಸೂಲಿ ಮಾಡಿಕೊಂಡಿವೆ. ಹಳೆ ಕಾಲೇಜಿನ ಅಂಗಳದಲ್ಲಿ ನಿಂತು ಪ್ರತಿ ಬೆಲೆಯನ್ನೂ 220ರಿಂದ ಭಾಗಿಸಿ ‘ಇಷ್ಟೇನಾ!’ ಎನ್ನುವುದನ್ನು ಬಿಡಬೇಕು. ದೊಡ್ಡ ದೊಡ್ಡ ತೀರ್ಮಾನಗಳು ಆ ಒಂದು ಉದ್ಗಾರದಿಂದಲೇ ಹುಟ್ಟುತ್ತವೆ.

ಅಂಥ ತೀರ್ಮಾನಗಳು ಮಧ್ಯಾಹ್ನದ ಊಟದ ಪಂಕ್ತಿಯಲ್ಲೇ ಶುರುವಾದವು. ಮಣಿಪಾಲದಲ್ಲಿ ಒಂದು ಫ್ಲ್ಯಾಟ್ ಹಿಡಿ, ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಬಹುದು ಎಂದ ಒಬ್ಬ. ಕೊಡಬಹುದು ನಿಜ. ಆದರೆ ಮನೆ ಯಜಮಾನ ಅನಿವಾಸಿಯಾದರೆ ಬಾಡಿಗೆ ಕೊಡುವವರೇ ಶೇ 30ರ ಮೇಲೆ ಸೆಸ್ ಸೇರಿಸಿ ತೆರಿಗೆ ಹಿಡಿದು ಕಟ್ಟಬೇಕು, ಇಪ್ಪತ್ತರ ಹುಡುಗರಿಗೆ ಅದನ್ನೆಲ್ಲ ಮಾಡಿಸುವುದು ಯಾರು? ಇನ್ನೊಬ್ಬ, ಬಹಳ ಪ್ರೀತಿಯವನು, ಹೆಬ್ರಿಯ ಕಡೆ ಒಳ್ಳೆಯ ಅಡಿಕೆ ತೋಟವಿದೆ, ನಾವಿಬ್ಬರೂ ಸೇರಿ ತೆಗೆದುಕೊಳ್ಳೋಣ ಎಂದ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂಬುದು ಅವನ ಆಧಾರ. ಅದು ರಾಜ್ಯದ ಕಾನೂನು. ಅನಿವಾಸಿ ಭಾರತೀಯರಿಗೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ ಅಡ್ಡ ಬರುತ್ತದೆ. ಗದ್ದೆ, ತೋಟ, ಫಾರ್ಮ್‌ಹೌಸು ನಾವು ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಕೊಲ್ಲಿಯಲ್ಲಿರುವ ಕರಾವಳಿಯವರಲ್ಲಿ ಈ ವಿಷಯ ಗೊತ್ತಿಲ್ಲದವರು ಇನ್ನೂ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನನ್ನ ಮನಸ್ಸಿಗೆ ನಾಟಿದ್ದು ಮೂರನೆಯ ಮಾತು. ಕಾಲೇಜಿಗೆ ನಮ್ಮ ಬ್ಯಾಚಿನಿಂದ ಏನಾದರೂ ಕೊಡಬೇಕು. ಎಲ್ಲರೂ ಹೂಂ ಎಂದರು. ಒಬ್ಬರು ನೀರಿನ ಫಿಲ್ಟರ್ ಎಂದರು, ಒಬ್ಬರು ಪ್ರೊಜೆಕ್ಟರ್, ಒಬ್ಬರು ಹೆಸರು ಕೆತ್ತಿಸಿದ ಕಲ್ಲುಬೆಂಚು. ನಾನು ದತ್ತಿನಿಧಿ ಎಂದೆ. ಯಂತ್ರಕ್ಕೆ ಮೂರನೇ ವರ್ಷ ರಿಪೇರಿ ಬರುತ್ತದೆ, ರಿಪೇರಿಗೆ ಹಣ ಕೊಡುವವರು ಅಷ್ಟು ಹೊತ್ತಿಗೆ ಇರುವುದಿಲ್ಲ. ಅಸಲು ಬ್ಯಾಂಕಿನಲ್ಲಿದ್ದರೆ ಬಡ್ಡಿ ವರ್ಷವರ್ಷ ಒಂದು ಮಗುವಿನ ಫೀಸಾಗುತ್ತದೆ. ನನ್ನ ಫೀಸು ಕಟ್ಟಿದ್ದು ಅಪ್ಪನ ಐದು ರೂಪಾಯಿ. ಅಂಥ ಅಪ್ಪ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಆದರೆ ದತ್ತಿಯನ್ನೂ ಲೆಕ್ಕ ಹಾಕಿ ಇಡಬೇಕು. 1990ರ ಸುಮಾರಿಗೆ ಯಾರೋ ಪುಣ್ಯಾತ್ಮರು ಸಾವಿರ ರೂಪಾಯಿ ಇಟ್ಟಿದ್ದರೆ ಆಗಿನ ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ ನೂರು ರೂಪಾಯಿ, ಒಂದೆರಡು ಪಠ್ಯಪುಸ್ತಕ ಬರುತ್ತಿತ್ತು. ಅದೇ ಸಾವಿರಕ್ಕೆ ಈಗ ಶೇ 6.5ರಂತೆ ಸಿಗುವುದು 65 ರೂಪಾಯಿ. ಬಡ್ಡಿಯನ್ನೆಲ್ಲ ಹಂಚಿದ ದತ್ತಿಗಳ ಗತಿ ಇದು. ಅದಕ್ಕೆ ನಾವು ಹಾಕಿಕೊಂಡ ಲೆಕ್ಕ ಹೀಗಿದೆ. ನಲವತ್ತು ಮಂದಿ ತಲಾ 25,000 ರೂಪಾಯಿ ಹಾಕಿದರೆ ಹತ್ತು ಲಕ್ಷ. ನನ್ನ ಪಾಲು 115 ರಿಯಾಲಿನ ಒಳಗೆ, ಹೆಚ್ಚುಕಡಿಮೆ ಒಂದು ವರ್ಷದ ‘ಕುಂಜಿಬೆಟ್ಟು’ ಬಾಬ್ತು. ಶೇ 6.5ರಂತೆ ಬಡ್ಡಿ 65,000. ಅದರಲ್ಲಿ 45,000 ಮಕ್ಕಳಿಗೆ, 20,000 ಮತ್ತೆ ಅಸಲಿಗೆ. ಹೀಗೆ ವರ್ಷಕ್ಕೆ ಶೇ 2ರಂತೆ ಬೆಳೆದ ಅಸಲು ಸುಮಾರು 35 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. ಬೆಲೆಯೇರಿಕೆಯ ಜೊತೆ ಓಡಲು ಇದೂ ಸಾಲದು. ಹಾಗಾಗಿ ಐದು ವರ್ಷಕ್ಕೊಮ್ಮೆ ಬ್ಯಾಚಿನವರು ಸೇರಿದಾಗ ಅಸಲಿಗೆ ಇನ್ನಷ್ಟು ಹಾಕಬೇಕು ಎಂಬುದನ್ನು ದತ್ತಿಯ ಕರಾರಿನಲ್ಲೇ ಬರೆದುಕೊಳ್ಳಬೇಕೆಂದು ಹೇಳಿದೆ. ಗೆಳೆಯರು ಒಪ್ಪಿದರು.

ದತ್ತಿಯ ಕಾಗದಪತ್ರದ ವಿಷಯಗಳು ಎರಡು ಇವೆ. ಒಂದು, ಯಾರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎನ್ನುವುದು. ಒಮಾನ್‌ನಲ್ಲಿರುವ ನಾನು ಭಾರತದ ಪ್ರಜೆ. ನನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಗೆಳೆಯ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೂ ಅವನ ಹಣ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಅನುಮತಿ ಬೇಕು. ಇಬ್ಬರ ಹಣವನ್ನೂ ಒಬ್ಬನ ಖಾತೆಯಲ್ಲಿ ಕೂಡಿಸಿ ಕಳಿಸುವ ಅಭ್ಯಾಸ ಬ್ಯಾಚ್‌ಗಳಲ್ಲಿ ಇದೆ. ಅದು ಕಾಲೇಜಿಗೇ ತೊಂದರೆ ತರುತ್ತದೆ, ಮಾಡಬಾರದು. ಎರಡನೆಯದು ತೆರಿಗೆ. 80ಜಿ ಎಂದು ಎಲ್ಲರೂ ಕರೆಯುವ ರಿಯಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಊರಿನಲ್ಲಿ ಬಾಡಿಗೆಯೋ ಎನ್‌ಆರ್‌ಒ ಖಾತೆಯ ಬಡ್ಡಿಯೋ ಬರುವವರಿಗೆ ಅದರಿಂದ ಪ್ರಯೋಜನವಾದೀತು. ಎರಡು ಸಾವಿರ ಮೀರಿದ ನಗದಿಗೆ ಸಿಗುವುದಿಲ್ಲ. ಎನ್‌ಆರ್‌ಇ ಬಡ್ಡಿಗೆ ತೆರಿಗೆಯೇ ಇಲ್ಲವಾದ್ದರಿಂದ ಅದೊಂದೇ ವರಮಾನ ಇರುವವರು ಈ ರಿಯಾಯಿತಿಯ ಚಿಂತೆ ಬಿಡಬಹುದು.

ಭಾನುವಾರ ಬೆಳಿಗ್ಗೆ ಗೋವಿಂದ ಪೈ ಸಂಶೋಧನಾ ಕೇಂದ್ರದ ಎದುರಿಗೆ ಒಂದು ಸುತ್ತು ಹಾಕಿ, ಮಧ್ಯಾಹ್ನ ಬಜಪೆ ವಿಮಾನ ನಿಲ್ದಾಣದ ದಾರಿ ಹಿಡಿದೆ. ದಾರ್ಸೈಟ್‌ನಲ್ಲಿ ನಮ್ಮ ನೆರೆಯ ಕನ್ನಡದ ಮನೆಗಳಲ್ಲಿ ಈ ಸಂಗತಿ ಹೇಳಿದಾಗ ಒಬ್ಬರು ಧಾರವಾಡದ ಕರ್ನಾಟಕ ಕಾಲೇಜನ್ನು ನೆನೆದರು, ಒಬ್ಬರು ಮೈಸೂರಿನ ಮಹಾರಾಜಾ ಕಾಲೇಜನ್ನು. ಇಬ್ಬರೂ ಓದು ಮುಗಿಸಿದ ಮೇಲೆ ಮತ್ತೆ ಅತ್ತ ಹೋಗಿಲ್ಲ.

ಹೋಗಿ. ಟಿಕೆಟ್ ಕಾಯ್ದಿರಿಸುವ ಮೊದಲು ಕಾಲೇಜಿನ ಕಚೇರಿಗೆ ಒಂದು ಫೋನ್ ಮಾಡಿ, ಬಡ್ಡಿ ಸಾಲದೆ ನಿಂತುಹೋದ ಹಳೆಯ ದತ್ತಿ ಬಹುಮಾನ ಯಾವುದಾದರೂ ಇದೆಯೇ ಎಂದು ಕೇಳಿ. ಇದ್ದರೆ ನಿಮ್ಮ ಬ್ಯಾಚಿನ ಹಣವನ್ನು ಅದರ ಅಸಲಿಗೆ ಸೇರಿಸಿ, ಹೆಸರು ಮಾತ್ರ ಮೊದಲು ಇಟ್ಟವರದ್ದೇ ಇರಲಿ.