ಕ್ರಿಸ್ಮಸ್ ಖರ್ಚಿಗೆ ಕೊಯ್ಲಿನ ಹಣದಲ್ಲೇ ತಯಾರಿ
(ಸದಸ್ಯ ಶಿಕ್ಷಣ ಪಾಠ)



ಡಿಸೆಂಬರ್ ತಿಂಗಳಲ್ಲಿ ತೋಟದ ಮನೆಗಳಲ್ಲಿ ಕೆಲಸ ಹೆಚ್ಚು, ಕೈಯಲ್ಲಿ ಕಾಸು ಕಡಿಮೆ. ಅರೇಬಿಕಾ ಕೊಯ್ಲು ಭರದಿಂದ ನಡೆದಿರುತ್ತದೆ. ವಾರದ ಬಟವಾಡೆ ನಿಲ್ಲಿಸುವಂತಿಲ್ಲ. ರೊಬಸ್ಟಾ ಬಹುಪಾಲು ಇನ್ನೂ ಗಿಡದಲ್ಲಿರುತ್ತದೆ. ಅಡಿಕೆ ಅಂಗಳದಲ್ಲಿ ಹರಡಿರುತ್ತದೆ. ಇದೇ ಹೊತ್ತಿಗೆ ನಮ್ಮಲ್ಲಿ ಹಲವರ ಮನೆಗಳಲ್ಲಿ ಕ್ರಿಸ್ಮಸ್. ಮಕ್ಕಳಿಗೆ ಹೊಸ ಬಟ್ಟೆ, ನೆರೆಹೊರೆಗೆ ಹಂಚುವ ಕುಸ್ವಾರ್, ಕೆಲಸದವರಿಗೆ ಇನಾಮು, ಊರಿಗೆ ಬರುವ ನೆಂಟರು. ಹಬ್ಬ ಬಿಡಿ ಎಂದು ನಾವು ಹೇಳುವುದಿಲ್ಲ. ಹಬ್ಬದ ಹಣ ಎಲ್ಲಿಂದ ಬರಬೇಕು ಎಂಬುದಷ್ಟೇ ಈ ಪಾಠದ ವಿಷಯ.

ಮುಂಗಡದ ನಿಜವಾದ ಬೆಲೆ

ಚಾಲಿ ಅಡಿಕೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಲು ಸುಮಾರು 40ರಿಂದ 45 ದಿನ ಬೇಕು. ನವೆಂಬರ್ ಕೊನೆಯಲ್ಲಿ ಕೊಯ್ದ ಅಡಿಕೆ ಕ್ರಿಸ್ಮಸ್ಸಿಗೆ ಮಾರಾಟಕ್ಕೆ ಸಿದ್ಧವಾಗದು. ಒಂದು ವರ್ಷ ನಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಬಂತು. ವ್ಯಾಪಾರಿಯೊಬ್ಬರಿಂದ 10,000 ರೂಪಾಯಿ ಮುಂಗಡ ತಂದೆವು. ಬಡ್ಡಿಯ ಮಾತೇ ಬರಲಿಲ್ಲ. ಮಾರ್ಚಿನಲ್ಲಿ ಮೂರು ಕ್ವಿಂಟಲ್ ಅಡಿಕೆಯನ್ನು ಅವರಿಗೇ ಕೊಡಬೇಕು, ಅಂದಿನ ಪೇಟೆ ಧಾರಣೆಗಿಂತ ಕಿಲೋಗೆ 10 ರೂಪಾಯಿ ಕಡಿಮೆಗೆ ಕೊಡಬೇಕು ಎಂದಷ್ಟೇ ಮಾತು.

ಲೆಕ್ಕ ಹಾಕಿದ್ದು ಆಮೇಲೆ. 300 ಕಿಲೋಗೆ ಹತ್ತರಂತೆ 3,000 ರೂಪಾಯಿ ಹೋಯಿತು. ಮೂರು ತಿಂಗಳ ಅವಧಿಗೆ ಇದು ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿಯಾಯಿತು! ಇಷ್ಟು ಬಡ್ಡಿ ಎಂದು ಮೊದಲೇ ಬಾಯಿಬಿಟ್ಟು ಕೇಳಿದ್ದರೆ ನಾವು ಎದ್ದು ಬರುತ್ತಿದ್ದೆವು. ಧಾರಣೆಯೊಳಗೆ ಅಡಗಿದ್ದರಿಂದ ಕಣ್ಣಿಗೆ ಬೀಳಲಿಲ್ಲ.

ಎರಡು ಹಳೆಯ ಉದಾಹರಣೆಗಳು

1909ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಪಟ್ಟಣದ ಒಂದು ಬ್ಯಾಂಕು 'ಕ್ರಿಸ್ಮಸ್ ಕ್ಲಬ್' ಎಂಬ ಉಳಿತಾಯ ಕ್ರಮವನ್ನು ಆರಂಭಿಸಿತು. ಸದಸ್ಯರು ವರ್ಷವಿಡೀ ಸಣ್ಣ ಸಣ್ಣ ಮೊತ್ತ ಕಟ್ಟಿ ಹಬ್ಬದ ಮುಂಚೆ ಒಟ್ಟಿಗೆ ಪಡೆಯುತ್ತಿದ್ದರು. ಈ ಕ್ರಮ ಬೇಗನೆ ಬೇರೆ ಬ್ಯಾಂಕುಗಳಿಗೂ ಹಬ್ಬಿತು. ನಮ್ಮ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿತು. ಎರಡರ ಗುಟ್ಟೂ ಒಂದೇ: ಮೊತ್ತ ಸಣ್ಣದು, ಕಟ್ಟುವ ದಿನ ನಿಶ್ಚಿತ.

ನಮ್ಮ ತೋಟಕ್ಕೆ ಹೊಂದುವ ಕ್ರಮ

ಬೆಳೆಗಾರನಿಗೆ ವಾರದ ಸಂಬಳವಿಲ್ಲ. ಆದ್ದರಿಂದ ಕ್ರಮವನ್ನು ತುಸು ಬದಲಿಸಿಕೊಳ್ಳಬೇಕು.

1. ಹಬ್ಬ ಮುಗಿದ ವಾರದಲ್ಲೇ, ನೆನಪು ಹಸಿಯಾಗಿರುವಾಗ, ಖರ್ಚನ್ನೆಲ್ಲ ಬರೆದಿಡಿ. ಒಟ್ಟು 12,000 ಆಯಿತೆನ್ನೋಣ.

2. ಮಾರ್ಚಿನಲ್ಲಿ ಬೆಳೆ ಮಾರಿದ ದಿನವೇ ಅದರ ಅರ್ಧ, ಅಂದರೆ 6,000 ರೂಪಾಯಿಯನ್ನು ಠೇವಣಿ ಇಡಿ. ಉಳಿದ ಅರ್ಧವನ್ನು ಹಾಲು, ಬಾಳೆ, ತೆಂಗಿನ ಬಿಡಿ ಆದಾಯದಿಂದ ಏಪ್ರಿಲ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ 750ರಂತೆ ಆರ್.ಡಿ. ಕಟ್ಟಿ. ಎಂಟು ತಿಂಗಳಿಗೆ ಲೆಕ್ಕ ಸರಿಹೋಗುತ್ತದೆ. ಎರಡರ ಅವಧಿಯೂ ಡಿಸೆಂಬರ್ ಆರಂಭಕ್ಕೆ ಮುಗಿಯುವಂತೆ ನೋಡಿಕೊಳ್ಳಿ.

3. ನೆವ್ರ್ಯೊ, ಕಿಡ್ಯೊಗಳನ್ನು ಮೂರು ನಾಲ್ಕು ಮನೆಯವರು ಸೇರಿ ಮಾಡಿ. ಸಕ್ಕರೆ, ಮೈದಾ, ಎಣ್ಣೆಯನ್ನು ಒಟ್ಟಿಗೆ ತಂದರೆ ಅಗ್ಗ. ಕಾಯಿ ತೋಟದಲ್ಲೇ ಇದೆ. ಒಲೆಯ ಮುಂದೆ ಕೂತ ಆ ಸಂಜೆಗಳೂ ಹಬ್ಬವೇ.

4. ಕೆಲಸದವರ ಇನಾಮನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಅವರ ಮನೆಯಲ್ಲೂ ಹಬ್ಬವುಂಟು. ಅದನ್ನು ಕಡಿದು ಉಳಿಸುವುದು ಉಳಿತಾಯವಲ್ಲ.

ಹಣ ಎಲ್ಲಿಡಬೇಕು?

ಬ್ರಿಟನ್ನಿನಲ್ಲಿ ಫೇರ್‌ಪ್ಯಾಕ್ ಎಂಬ ಕಂಪನಿ ಕ್ರಿಸ್ಮಸ್ ಉಡುಗೊರೆಗೆಂದು ಜನರಿಂದ ವರ್ಷವಿಡೀ ಕಂತು ಕಟ್ಟಿಸಿಕೊಳ್ಳುತ್ತಿತ್ತು. 2006ರ ಅಕ್ಟೋಬರ್‌ನಲ್ಲಿ, ಹಬ್ಬಕ್ಕೆ ಎರಡೇ ತಿಂಗಳಿರುವಾಗ, ಅದು ಮುಳುಗಿತು. ಒಂದು ಲಕ್ಷಕ್ಕೂ ಮಿಕ್ಕಿದ ಮಂದಿ ಬರಿಗೈಯಾದರು. ನಮ್ಮಲ್ಲಿಯೂ ಹಬ್ಬದ ಸ್ಕೀಮು, ಬಂಪರ್ ಬಹುಮಾನ ಎಂದು ಕಂತು ಕೇಳುವವರು ಇದ್ದಾರೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾನೂನು ನಿಷೇಧಿಸಿದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಉಂಟು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸಹಕಾರಿಗಳಾದ ನಾವೇ ಇದನ್ನು ಮುಚ್ಚಿಡಬಾರದು. ಸಂಘದಲ್ಲಿ ಹಣ ಇಡುವವರು ಮಹಾಸಭೆಗೆ ಬನ್ನಿ, ಲೆಕ್ಕಪರಿಶೋಧನೆಯ ವರದಿ ಓದಿ, ಪ್ರಶ್ನೆ ಕೇಳಿ. ಸದಸ್ಯನ ಎಚ್ಚರವೇ ಸಂಘದ ಭದ್ರತೆ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಹಬ್ಬದ ಹಣ ನಿಮ್ಮ ಮನೆಗೆ ಎಲ್ಲಿಂದ ಬಂತು? ಅದರ ನಿಜವಾದ ಬಡ್ಡಿ ಎಷ್ಟಾಯಿತು?
2. ತಿಂಗಳಿಗೆ ಎಷ್ಟು ಮೊತ್ತ ನಿಮಗೆ ಭಾರವಾಗದು?
3. ನಿಮ್ಮ ನೆರೆಯಲ್ಲಿ ಯಾರೊಂದಿಗೆ ಸೇರಿ ಹಬ್ಬದ ಸಾಮಾನು ತರಬಹುದು?

ಮನೆಮಂದಿಯೊಂದಿಗೆ ಕೂತು ಉತ್ತರ ಬರೆಯಿರಿ. ಈ ಡಿಸೆಂಬರ್ ಕಷ್ಟದಲ್ಲೇ ಕಳೆದರೂ ಚಿಂತೆಯಿಲ್ಲ. ಮುಂದಿನ ಕ್ರಿಸ್ಮಸ್ಸಿಗೆ ನಮ್ಮ ಅಡಿಕೆ ನಮ್ಮ ಅಂಗಳದಲ್ಲಿ ನಿಶ್ಚಿಂತೆಯಿಂದ ಒಣಗಲಿ.